ಹಸೀನ ಕೂರಿಸಿದ ಬಾಗಿಲು

ಹಸೀನಳಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಬಿಡುವುದಿಲ್ಲ, ತನಗೆ ಬೇಕಾದದ್ದನ್ನು ಕೇಳಲು ಮಾತ್ರ ಬಾಯಿಯೇ ಬರುವುದಿಲ್ಲ. ಹನ್ನೆರಡು ವರ್ಷ ಅವಳ ಪಕ್ಕದ ಮೇಜಿನಲ್ಲಿ ಕೂತವಳು ನಾನು. ಇಷ್ಟು ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಕಚೇರಿ ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದಲ್ಲಿ, ಹತ್ತೊಂಬತ್ತನೆಯ ಮಹಡಿ. ದುಬೈ, ಅಬುಧಾಬಿಗಳಲ್ಲಿ ಹನ್ನೊಂದು ಕ್ಲಿನಿಕ್ ನಡೆಸುವ ಕಂಪನಿ. ರೋಗಿಗಳ ಹೆಸರು, ರಕ್ತಪರೀಕ್ಷೆಯ ವರದಿ, ಯಾವ ಡಾಕ್ಟರು ಯಾವ ಮದ್ದು ಬರೆದರು ಎಂಬುದೆಲ್ಲ ಡೇಟಾಬೇಸಿನಲ್ಲಿರುತ್ತದೆ. ಆ ಡೇಟಾಬೇಸಿನ ಸರ್ವರ್‌ಗಳು ಊರಾಚೆ ಒಂದು ತಣ್ಣನೆಯ ಕಟ್ಟಡದಲ್ಲಿವೆ; ಅವನ್ನು ನೋಡಿಕೊಳ್ಳುವವರು ನಾವಿಬ್ಬರು ಹೆಂಗಸರು. ಹಸೀನ ಹಿರಿಯ ಹುದ್ದೆಯವಳು, ನಾನು ವಯಸ್ಸಿನಲ್ಲಿ ಮಾತ್ರ ಹಿರಿಯಳು. ನನ್ನದು ಕಾಪು, ಅವಳದು ಪಾಣೆಮಂಗಳೂರಿನ ಬ್ಯಾರಿ ಮನೆ. ನಮ್ಮ ಮಾತು ತುಳುವಿನಲ್ಲಿ ಶುರುವಾಗಿ ಕನ್ನಡಕ್ಕೆ ಬಂದು, ಜಗಳವಾದರೆ ಇಂಗ್ಲಿಷಿನಲ್ಲಿ ಮುಗಿಯುತ್ತಿತ್ತು. ಮನೆಯೂ ದುಬೈಯ ಕರಾಮ ಬಡಾವಣೆಯ ಒಂದೇ ಕಟ್ಟಡದಲ್ಲಿ: ಅವರು ಮೂರನೆಯ ಮಹಡಿ, ನಾವು ಮೊದಲನೆಯದು.

ಅವಳ ಗಂಡ ಅಬ್ದುಲ್ ಸಲಾಂ ಪಾಲುದಾರಿಕೆಯಲ್ಲಿ ಕೆಫೆಟೇರಿಯ ನಡೆಸುತ್ತಿದ್ದವರು. ಬೆನ್ನುಮೂಳೆ ಕೈಕೊಟ್ಟ ಮೇಲೆ ಅದನ್ನು ಬಿಟ್ಟು, ಹೆಂಡತಿಯ ವೀಸಾದ ಮೇಲೆ ಮನೆಯಲ್ಲಿದ್ದರು. ಮಗಳು ಶಮೀಮ ಒಬ್ಬಳೇ. ಆ ಹುಡುಗಿ ಬುದ್ಧಿವಂತೆ, ಆದರೆ ಮಹಾ ಹೆದರುಪುಕ್ಕಲಿ. ಸಂಜೆ ಅವಳು ಗಟ್ಟಿಯಾಗಿ ಓದುವಾಗ ತಾಯಿ ಪಕ್ಕದಲ್ಲಿ ಕೂತಿರಬೇಕು. ತಾಯಿ ಅಡಿಗೆಮನೆಗೆ ಎದ್ದುಹೋದರೆ ಓದು ನಿಲ್ಲುತ್ತಿತ್ತು. ಹತ್ತನೆಯ ಕ್ಲಾಸಿನ ಒಂದು ಪರೀಕ್ಷೆಯ ದಿನ ಹಸೀನ ಅಬುಧಾಬಿಗೆ ಕೆಲಸಕ್ಕೆ ಹೋಗಿದ್ದಳು. ಹುಡುಗಿ ಕೈ ನಡುಗಿ, ಅರ್ಧ ಉತ್ತರಪತ್ರಿಕೆ ಖಾಲಿ ಬಿಟ್ಟು ಬಂದಿತು. ಅಂದಿನಿಂದ ಪ್ರತಿ ಪರೀಕ್ಷೆಗೂ ಹಸೀನ ಶಾಲೆಯ ಗೇಟಿನವರೆಗೆ ಹೋಗಿ, ಮಗಳ ಎರಡೂ ಅಂಗೈಗಳನ್ನು ಒಮ್ಮೆ ಒತ್ತಿ ಹಿಡಿದು ಕಳಿಸುತ್ತಿದ್ದಳು. ಶಮೀಮ ಈಗ ಹನ್ನೆರಡನೆಯ ಕ್ಲಾಸು. ಬೋರ್ಡ್ ಪರೀಕ್ಷೆ ಮುಗಿಯುವುದು ಮಾರ್ಚ್‌ನಲ್ಲಿ. ಆ ಮಾರ್ಚ್‌ನ ಕಥೆಯೇ ಇದು.

ಎರಡು ವರ್ಷದ ಹಿಂದೆ ಆಡಿಟ್‌ನವರು ಬಂದು ನಮ್ಮ ಮರ್ಯಾದೆ ತೆಗೆದರು. ಆಗ ಹನ್ನೊಂದು ಕ್ಲಿನಿಕ್‌ಗೂ ಒಂದೇ ಪಾಸ್‌ವರ್ಡ್. ಮುಹೈಸ್ನಾದ ಕ್ಲಿನಿಕ್ಕಿನಲ್ಲಂತೂ ಅದನ್ನು ಚೀಟಿಯಲ್ಲಿ ಬರೆದು ಪ್ರಿಂಟರಿಗೆ ಅಂಟಿಸಿದ್ದರು. ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಡೇಟಾಬೇಸಿನೊಳಗೆ ಬಂದು ಹೋಗಬಹುದಿತ್ತು. ಇದನ್ನು ಸರಿಮಾಡುವ ಕೆಲಸ ಹಸೀನಳ ತಲೆಗೆ ಬಿತ್ತು.

ಅವಳು ಎಂಟು ತಿಂಗಳು ಕೂತು ಒಂದು ಬಾಗಿಲು ಕೂರಿಸಿದಳು. ಬಾಗಿಲೆಂದರೆ ಮರದ್ದಲ್ಲ, ಸರ್ವರ್‌ಗಳ ಮುಂದೆ ಇನ್ನೊಂದು ಕಂಪ್ಯೂಟರು. ಹೊರಗಿನಿಂದ ಬರುವವರೆಲ್ಲ ಅದನ್ನು ದಾಟಿಯೇ ಒಳಗೆ ಹೋಗಬೇಕು. ದಾಟಲು ಮೂರು ಬೇಕು: ಅವರವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವ ಒಂದು ಕೀಲಿ, ಫೋನಿಗೆ ಬರುವ ಆರಂಕಿಯ ಸಂಖ್ಯೆ, ಮತ್ತು ಅವರ ಹೆಸರಿನ ಮುಂದೆ ಬರೆದಿಟ್ಟ ಜಾಗ. ಬರೆದ ಜಾಗದಿಂದಲ್ಲದೆ ಬೇರೆಲ್ಲಿಂದ ತಟ್ಟಿದರೂ ಅದು ತೆರೆಯುವುದಿಲ್ಲ. ಯಾರು ಎಷ್ಟು ಹೊತ್ತಿಗೆ ಬಂದರು, ಏನು ಮಾಡಿದರು, ಎಲ್ಲವೂ ದಾಖಲಾಗುತ್ತದೆ. ಯಾರಿಗಾದರೂ ಬಾಗಿಲು ತೆರೆಯದೆ ಹೋದರೆ, ಯಾಕೆ ತೆರೆಯಲಿಲ್ಲ ಎಂದು ಮರುದಿನ ಬೆಳಿಗ್ಗೆ ನಮ್ಮಿಬ್ಬರಲ್ಲಿ ಒಬ್ಬರು ಕಾರಣ ನಮೂದಿಸಬೇಕು. ಈ ನಿಯಮಗಳನ್ನೆಲ್ಲ ಬರೆದವಳು ಅವಳೇ.

‘ನಮಗಾದ್ರೂ ಒಂದು ಹಿಂಬಾಗಿಲು ಇಟ್ಟುಕೊಳ್ಳುವ ಮಾರಾಯ್ತಿ,’ ಎಂದಿದ್ದೆ ನಾನು. ‘ಯಾವಾಗ ಎಂತ ಬರ್ತದೆ ಅಂತ ಹೇಳ್ಲಿಕ್ಕಾಗ್ತದಾ?’

‘ನಮಗೆ ಬೇರೆ ಇಟ್ರೆ ಅದು ಬಾಗಿಲೇ ಅಲ್ಲ ವಸಂತಿಯಕ್ಕ,’ ಎಂದಳು. ಅಷ್ಟೇ. ಅವಳ ಜೊತೆ ವಾದ ಮಾಡುವುದು ಗೋಡೆಯ ಜೊತೆ ಮಾಡಿದ ಹಾಗೆ.

ಹೋದ ವರ್ಷ ಜುಲೈಯಲ್ಲಿ ಅವಳು ಊರಿಗೆ ಹೋದಳು, ಅಣ್ಣನ ಮಗಳ ನಿಖಾಹ್. ಗಲ್ಫಿನಲ್ಲಿರುವವರಿಗೆ ರಜೆ ಎಂದರೆ ಅರ್ಧ ಸುಖ, ಅರ್ಧ ದಿಗಿಲು. ವಾಪಸು ಬರುವಾಗ ಕುರ್ಚಿ ಇರುತ್ತದೋ ಇಲ್ಲವೋ. ಹಾಗಾಗಿ ರಜೆಯಲ್ಲೂ ‘ನಾನಿದ್ದೇನೆ, ನಾನಿದ್ದೇನೆ’ ಎಂದು ತೋರಿಸಿಕೊಳ್ಳುವುದು ನಮ್ಮೆಲ್ಲರ ಚಟ. ಮೇಲ್ ಬಂದ ಐದು ನಿಮಿಷಕ್ಕೆ ಉತ್ತರ, ಬೀಗರ ಮನೆಯ ಊಟದ ಮಧ್ಯೆ ಫೋನು. ನಾನೂ ಮಾಡಿದ್ದೇನೆ. ಹಸೀನ ತನ್ನ ಹೆಸರಿನ ಮುಂದೆ ಪಾಣೆಮಂಗಳೂರಿನ ಮನೆಯ ಜಾಗವನ್ನು ಬರೆಸಿಕೊಂಡು, ಲ್ಯಾಪ್‌ಟಾಪು ಹಿಡಿದುಕೊಂಡು ಹೋದಳು.

ನಿಖಾಹ್‌ನ ದಿನವೇ ಮುಹೈಸ್ನಾದ ಕ್ಲಿನಿಕ್ಕಿನಲ್ಲಿ ಒಂದು ದಾಖಲೆಯೂ ತೆರೆಯದಾಯಿತು. ಲೇಬರ್ ಕ್ಯಾಂಪಿನಿಂದ ಬಸ್ಸಿನಲ್ಲಿ ಬಂದ ಎಪ್ಪತ್ತು ಮಂದಿ ಕೆಲಸಗಾರರು ಜುಲೈಯ ಬಿಸಿಲಿಗೆ ಹೊರಗೆ ಸಾಲಾಗಿ ನಿಂತಿದ್ದರು. ನಾನು ಇಲ್ಲಿ ಬೆವರುತ್ತ ಅವಳಿಗೆ ಫೋನ್ ಮಾಡಿದೆ. ಮದುಮಗಳಿಗೆ ಶೃಂಗಾರ ಮಾಡುತ್ತಿದ್ದ ಕೋಣೆಯಲ್ಲಿ, ಮಲ್ಲಿಗೆಯ ಬುಟ್ಟಿ ಸರಿಸಿ ನೆಲದ ಮೇಲೆ ಕೂತು, ಹನ್ನೊಂದು ನಿಮಿಷದಲ್ಲಿ ಅವಳು ಅದನ್ನು ಸರಿಮಾಡಿದಳು. ಸಂಜೆ ಅಬುಧಾಬಿಯ ಮುಖ್ಯ ಕಚೇರಿಯಿಂದ ಮೇಲ್ ಬಂತು: ‘ಅಭಿನಂದನೆ. ನೀವು ದುಬೈಯಲ್ಲಿಲ್ಲ ಎಂಬುದೇ ನಮಗೆ ತಿಳಿಯಲಿಲ್ಲ.’ ಹಸೀನ ಅದನ್ನು ಪ್ರಿಂಟ್ ತೆಗೆದು ಫೈಲಿನಲ್ಲಿಟ್ಟಳು. ನಾನು ಕಚೇರಿಯಲ್ಲಿ ಎಲ್ಲರಿಗೂ ಹಲ್ವ ಹಂಚಿದೆ. ಈಗ ಬುದ್ಧಿವಂತೆಯ ಹಾಗೆ ಮಾತಾಡುವುದಿಲ್ಲ. ಆ ದಿನ ನನಗೂ ಏನೂ ಹೊಳೆಯಲಿಲ್ಲ.

ಅಕ್ಟೋಬರಿನಲ್ಲಿ ನಮ್ಮ ಮ್ಯಾನೇಜರು ಕಜೆತಾನ್ ಅವಳನ್ನು ಒಳಗೆ ಕರೆದರು. ಕಜೆತಾನ್ ಬಜಪೆಯವರು, ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯ ಎನ್ನುವುದರಿಂದ ಯಾರಿಗೂ ಏನೂ ಪ್ರಯೋಜನವಾಗಿಲ್ಲ, ಅದು ಬೇರೆ ಮಾತು. ಹಸೀನ ಹೊರಗೆ ಬಂದವಳು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಳು.

‘ಮಂಗಳೂರಿಂದ ಕೆಲಸ ಮಾಡ್ಬೇಕಂತೆ. ಅಲ್ಲಿಯ ಸಂಬಳ. ಇಲ್ಲಿಯ ವೀಸಾ ನವೆಂಬರ್ ಮೂವತ್ತಕ್ಕೆ ಕ್ಯಾನ್ಸಲ್.’

‘ಯಾಕಂತೆ?’

‘ಅಲ್ಲಿಂದ ಆಗ್ತದೆ ಅಂತ ನಾನೇ ತೋರಿಸಿದ್ದೇನಲ್ಲ.’

ನನ್ನನ್ನು ಇಲ್ಲಿಯೇ ಇಟ್ಟುಕೊಂಡರು. ಎಂದಾದರೂ ಸರ್ವರಿನ ಪೆಟ್ಟಿಗೆಯನ್ನೇ ಮುಟ್ಟಬೇಕಾಗಿ ಬಂದರೆ ದುಬೈಯಲ್ಲಿ ಒಬ್ಬರು ಬೇಕು. ಕಡಿಮೆ ಸಂಬಳದವಳು ಸಾಕು. ಆ ದಿನ ನನಗೆ ಬಂದ ಸಿಟ್ಟಿನ ಅಡಿಯಲ್ಲಿ ಒಂದು ಸಣ್ಣ ನೆಮ್ಮದಿಯೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ.

ಶಾಲೆಯಲ್ಲಿ ವಿಚಾರಿಸಿದೆವು. ಹನ್ನೆರಡನೆಯ ಕ್ಲಾಸಿನ ನಡುವೆ ಊರಿನ ಶಾಲೆಗೆ ಬದಲಾಯಿಸುವ ಹಾಗಿಲ್ಲ, ಬೋರ್ಡಿಗೆ ಹೆಸರು ಹೋಗಿಯಾಗಿದೆ, ಪರೀಕ್ಷೆ ಇಲ್ಲೇ ಬರೆಯಬೇಕು, ಇಲ್ಲವಾದರೆ ಒಂದು ವರ್ಷ ಹಾಳು. ಹಸೀನ ಬೇರೆ ಕೆಲಸಕ್ಕೆ ಮೂವತ್ತೆಂಟು ಕಡೆ ಅರ್ಜಿ ಹಾಕಿದಳು. ಎರಡು ಕಡೆಯಿಂದ ಉತ್ತರ ಬಂತು: ಹೊಸ ವರ್ಷದ ಮೇಲೆ ನೋಡೋಣ ಎಂದು. ಕೊನೆಗೆ ಅವಳಿಗೆ ಬೇಕಾದದ್ದು ನಾಲ್ಕೇ ತಿಂಗಳು. ಮಾರ್ಚ್‌ವರೆಗೆ ಇಲ್ಲಿರಲು ಬಿಡಿ, ಸಂಬಳ ಊರಿನದ್ದನ್ನೇ ಕೊಡಿ ಎಂದು ಕಜೆತಾನರ ಹತ್ತಿರ ಹೇಳಿಸಿದೆ. ‘ಹೇಳಿಸಿದೆ’ ಎಂದೆ; ಅವಳಾಗಿ ಹೇಳುತ್ತಿರಲಿಲ್ಲ.

‘ನಾನು ಮೂರು ಸಲ ಕೇಳಿದ್ದೇನೆ ಮಾರಾಯ್ರೇ,’ ಎಂದರು ಕಜೆತಾನ್, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು. ‘ಖರ್ಚು ಉಳಿಸ್ಲಿಕ್ಕೆ ಈ ಮಹಡಿಯಲ್ಲಿ ಅರ್ಧ ಬಿಟ್ಟುಕೊಡ್ಲಿಕ್ಕುಂಟು. ಆ ಲೆಕ್ಕದಲ್ಲಿ ನನ್ನ ಕುರ್ಚಿಯೂ ಉಂಟಾ ಇಲ್ವಾ ಗೊತ್ತಿಲ್ಲ. ಅಬುಧಾಬಿಯಲ್ಲೇ ಹೋಗಿ ಕೇಳಿ.’

ಹೋದೆವು. ಇಬ್ನ್ ಬತೂತ ನಿಲ್ದಾಣದಿಂದ ಬಸ್ಸು ಹಿಡಿದು, ಒಂದೂವರೆ ಗಂಟೆ ಇಬ್ಬರೂ ಹೊರಗಿನ ಮರಳು ನೋಡುತ್ತ ಕೂತಿದ್ದೆವು. ಹಸೀನಳ ಮಡಿಲಲ್ಲಿ ಆ ಫೈಲು. ಹನ್ನೆರಡು ವರ್ಷದಲ್ಲಿ ಬಂದ ಒಳ್ಳೆಯ ಮಾತುಗಳನ್ನೆಲ್ಲ ಅದರಲ್ಲಿ ಇಟ್ಟಿದ್ದಳು, ಎಲ್ಲಕ್ಕಿಂತ ಮೇಲೆ ಜುಲೈಯ ಮೇಲ್.

ಎಚ್‌ಆರ್‌ನ ಹೆಂಗಸು ನಮ್ಮನ್ನು ಕೂರಿಸಿ, ಖರ್ಜೂರ ಕೊಟ್ಟು, ಗಾವಾ ಎನ್ನುವ ಅರಬ್ಬೀ ಕಾಫಿ ಬಗ್ಗಿಸಿದರು. ಜಗಳ ಮಾಡಲು ಬಂದವಳಿಗೆ ಇಂಥ ಉಪಚಾರ ಬಹಳ ಕಷ್ಟ. ಹಸೀನ ಮಗಳ ವಿಷಯ ಹೇಳಿದಳು, ಕೈ ನಡುಗುವುದನ್ನೂ ಹೇಳಿದಳು. ಅವಳು ಇಷ್ಟು ಬಾಯಿ ಬಿಟ್ಟಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಆಮೇಲೆ ಫೈಲು ತೆರೆದು ಜುಲೈಯ ಕಾಗದವನ್ನು ಮುಂದಿಟ್ಟಳು. ನಾನು ಎಂಥ ನಂಬಿಕಸ್ಥಳು ನೋಡಿ ಎಂದು ತೋರಿಸಲು.

ಆ ಹೆಂಗಸಿನ ಮುಖ ಬಾಡಿತು. ತನ್ನ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹಸೀನಳ ಬಾಗಿಲು ಬರೆದಿಟ್ಟ ದಾಖಲೆ ಅದು: ರಜೆಯ ಇಪ್ಪತ್ತು ದಿನ, ಪಾಣೆಮಂಗಳೂರಿನಿಂದ ಅರವತ್ತನಾಲ್ಕು ಸಲ ಒಳಗೆ ಬಂದದ್ದು, ಒಂದು ಕೆಲಸವೂ ತಪ್ಪಿಲ್ಲ.

‘ಇದನ್ನು ನೋಡಿಯೇ ತೀರ್ಮಾನ ಮಾಡಿದ್ದು,’ ಎಂದರು ಮೆಲ್ಲಗೆ. ‘ನಿಮ್ಮ ಕೆಲಸ ಕೆಟ್ಟದಾಗಿದ್ದರೆ ನಾನು ಏನಾದರೂ ಹೇಳಬಹುದಿತ್ತು. ಕ್ಷಮಿಸಿ.’

ಹಸೀನ ಆ ದಾಖಲೆಯನ್ನು ಮೇಲಿನಿಂದ ಕೆಳಗೆ ಓದಿದಳು. ಸಾಲುಗಳು ಸರಿಯಾಗಿವೆಯೋ ಎಂದು ನೋಡುವವಳ ಹಾಗೆ. ವಾಪಸು ಬರುವ ಬಸ್ಸಿನಲ್ಲಿ ನಾನು ಕಂಪನಿಯನ್ನು, ಕಜೆತಾನರನ್ನು, ಮದುಮಗಳನ್ನು, ಎಲ್ಲರನ್ನೂ ಬೈದೆ. ಕರಾಮ ಮುಟ್ಟುವಾಗ ಅವಳು, ‘ಶಮೀಮಳಿಗೆ ಗ್ರಾಫ್ ಪುಸ್ತಕ ತಗೊಳ್ಲಿಕ್ಕುಂಟು,’ ಎಂದು ಅಂಗಡಿಯ ಕಡೆ ನಡೆದಳು.

ನವೆಂಬರ್ ಮೂವತ್ತಕ್ಕೆ ವೀಸಾ ರದ್ದಾಯಿತು. ಅವರ ಫ್ಲ್ಯಾಟಿನ ಕರಾರೂ ಆ ತಿಂಗಳೇ ಮುಗಿಯಿತು. ವೀಸಾ ಇಲ್ಲದವರಿಗೆ ಯಾರು ಹೊಸದು ಬರೆದುಕೊಡುತ್ತಾರೆ? ಅಬ್ದುಲ್ ಸಲಾಂ ಮತ್ತು ಶಮೀಮ ನಮ್ಮ ಮನೆಗೆ ಬಂದರು. ರದ್ದಾದ ಮೇಲೆ ಇರಲು ಬಿಡುವ ಎರಡು ತಿಂಗಳು ಕಳೆದು, ಆಮೇಲೆ ವಿಸಿಟ್ ವೀಸಾ ಎಂದು ಹೇಗೋ ಹೊಂದಿಸಿದೆವು. ನನ್ನ ಮಗ ಹರ್ಷಿತ್ ‘ಇಟ್ಸ್ ಓಕೆ ಅಮ್ಮ’ ಎಂದು ತನ್ನ ಕೋಣೆ ಬಿಟ್ಟುಕೊಟ್ಟು ಹಾಲಿನ ಸೋಫಾಕ್ಕೆ ಬಂದ. ಹಸೀನ ಮಾತ್ರ ಮೊದಲ ವಾರದಲ್ಲೇ ಊರಿಗೆ ಹೋದಳು. ಅವಳ ಕೆಲಸ ಈಗ ಅಲ್ಲಿಯದು. ಮೊದಲ ಆರು ತಿಂಗಳು ರಜೆ ಇಲ್ಲ. ಬೆಳಿಗ್ಗೆ ಊರಿನ ಒಂಬತ್ತಕ್ಕೆ, ಇಲ್ಲಿಯ ಏಳೂವರೆಗೆ, ಅವಳು ಬಾಗಿಲು ದಾಟಿ ಒಳಗೆ ಬಂದಿರಬೇಕು. ಅವಳ ಹೆಸರಿನ ಮುಂದಿದ್ದ ‘ದುಬೈ’ ಅಳಿಸಿ ‘ಪಾಣೆಮಂಗಳೂರು’ ಒಂದನ್ನೇ ಉಳಿಸಿದವಳು ನಾನು. ಕಜೆತಾನ್ ಅನುಮತಿ ಕೊಟ್ಟರು, ಕೈ ನನ್ನದು.

ಸಂಜೆ ವಿಡಿಯೋ ಕರೆಯಲ್ಲಿ ಕೂತು ಓದಿಸಲು ನೋಡಿದಳು. ಇಲ್ಲಿ ವಾಟ್ಸಾಪಿನ ಕರೆ ಹತ್ತುವುದಿಲ್ಲ, ಬೇರೆ ಆ್ಯಪಿನಲ್ಲಿ ಮುಖ ನಿಂತು ನಿಂತು ಬರುತ್ತಿತ್ತು. ಹುಡುಗಿ ಎರಡು ಪುಟ ಓದಿ, ‘ಉಮ್ಮ, ಯು ಆರ್ ಫ್ರೋಜನ್,’ ಎನ್ನುತ್ತಿದ್ದಳು. ಆಮೇಲೆ ಪುಸ್ತಕ ಮುಚ್ಚಿ ಸುಮ್ಮನೆ ಫೋನು ನೋಡುತ್ತ ಕೂರುತ್ತಿದ್ದಳು. ಜನವರಿಯ ಶಾಲಾ ಪರೀಕ್ಷೆಯಲ್ಲಿ ಗಣಿತದ ಉತ್ತರಪತ್ರಿಕೆ ಮತ್ತೆ ಅರ್ಧ ಖಾಲಿ ಬಂತು.

ಅದನ್ನು ಕೇಳಿದ ಮೇಲೆ ಹಸೀನ ಒಂದು ತೀರ್ಮಾನ ಮಾಡಿದಳು. ಬೋರ್ಡಿನ ಮೊದಲ ಪರೀಕ್ಷೆ ಗಣಿತ, ಸೋಮವಾರ ಇಲ್ಲಿಯ ಒಂಬತ್ತಕ್ಕೆ. ವಿಸಿಟ್ ವೀಸಾದಲ್ಲಿ ಶುಕ್ರವಾರ ಸಂಜೆ ಬರುತ್ತೇನೆ, ಸೋಮವಾರ ಏಳೂವರೆಗೆ ನಿಮ್ಮ ಮನೆಯಿಂದಲೇ ಒಳಗೆ ಹೋಗುತ್ತೇನೆ, ನಡುವೆ ಗಳಿಗೆ ಎದ್ದು ಮಗಳನ್ನು ಗೇಟಿಗೆ ಬಿಟ್ಟು ಬರುತ್ತೇನೆ ಎಂದು. ಅದಕ್ಕೆ ಕರಾಮದ ಜಾಗವನ್ನು ಹತ್ತು ದಿನದ ಮಟ್ಟಿಗೆ ಅವಳ ಹೆಸರಿನ ಮುಂದೆ ಬರೆಯಬೇಕು. ಕಜೆತಾನರನ್ನು ಕೇಳಿದಳು. ‘ಬನ್ನಿ, ನೋಡುವ,’ ಎಂದರಂತೆ. ನಮ್ಮ ಕಡೆಯವರು ಇಲ್ಲ ಎಂದು ಮುಖಕ್ಕೆ ಹೇಳುವವರಲ್ಲ. ಅದು ಗೊತ್ತಿದ್ದೂ ಅವಳು ಟಿಕೆಟ್ ತೆಗೆದಳು.

ಎರಡು ದಿನ ಮನೆಯಲ್ಲಿ ಹಬ್ಬ. ಶಮೀಮ ಗಟ್ಟಿಯಾಗಿ ಓದಿದ ಓದು ಅಡಿಗೆಮನೆಗೆ ಕೇಳುತ್ತಿತ್ತು. ಅಬ್ದುಲ್ ಸಲಾಂ ಬೆನ್ನುನೋವು ಮರೆತು ಮೀನು ತಂದು ಸಾರು ಮಾಡಿದರು.

ಭಾನುವಾರ ಊಟವಾದ ಮೇಲೂ ಕಜೆತಾನರ ಉತ್ತರವಿಲ್ಲ. ಒಮ್ಮೆ ನೋಡಿಯೇಬಿಡುವ ಎಂದು ಹಸೀನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದಳು. ಕೀಲಿ ಹಿಡಿಯಿತು. ಫೋನಿಗೆ ಆರಂಕಿ ಬಂತು. ಆಮೇಲೆ ಕೆಂಪು ಸಾಲು: ಈ ಜಾಗದಿಂದ ಪ್ರವೇಶವಿಲ್ಲ. ಸರ್ವರು ಇರುವುದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ.

ಕಜೆತಾನರಿಗೆ ಫೋನ್ ಮಾಡಿದಳು. ಅವರ ದನಿ ನನಗೂ ಕೇಳುತ್ತಿತ್ತು. ‘ವಿಸಿಟ್ ವೀಸಾದಲ್ಲಿ ಬಂದವರು ಇಲ್ಲಿ ಕೂತು ಕೆಲಸ ಮಾಡಿದ್ರೆ ಅದು ಕಾನೂನಿಗೆ ವಿರುದ್ಧ ಅಂತ ವಕೀಲರು ಬರೆದಿದ್ದಾರೆ ಹಸೀನ. ಕಂಪನಿಗೂ ದಂಡ, ನಿಮಗೂ ತೊಂದರೆ. ನಾನು ಹೇಗೆ ಹೇಳುದು ಅಂತ ನಿನ್ನೆಯಿಂದ... ಎಂತ ಮಾಡ್ಲಿ ಹೇಳಿ.’ ಅವಳು, ‘ಇಲ್ಲ ಸರ್, ಪರವಾಗಿಲ್ಲ,’ ಎಂದು ಫೋನಿಟ್ಟಳು. ಪರವಾಗಿಲ್ಲ ಎಂದಳು!

ಮೇಜಿನ ಮೇಲೆ ಅವಳ ಲ್ಯಾಪ್‌ಟಾಪಿನ ಪಕ್ಕದಲ್ಲೇ ನನ್ನದೂ ಇತ್ತು. ನನ್ನ ಹೆಸರಿನ ಮುಂದೆ ಈ ಮನೆ ಬರೆದೇ ಇದೆ. ಅವಳ ಹೆಸರಿನ ಮುಂದೆ ಇದೇ ಸಾಲನ್ನು ಸೇರಿಸಲು ಒಂದು ನಿಮಿಷ ಸಾಕು. ಯಂತ್ರ ಅನುಮತಿ ಪತ್ರ ಕೇಳುವುದಿಲ್ಲ. ಯಾರು ಸೇರಿಸಿದರು, ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳುತ್ತದೆ. ಮುಂದಿನ ತಿಂಗಳು ಅಬುಧಾಬಿಯವರು ಅದನ್ನು ಓದುತ್ತಾರೆ. ಆಗ ನನ್ನ ವೀಸಾ, ಅದರ ಮೇಲೆ ನಿಂತಿರುವ ಹರ್ಷಿತನ ಕಾಲೇಜು, ಈ ಮನೆ.

ಅವಳಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಕೇಳುತ್ತಾಳೆ ಎಂದು ನಾನು ಕಾದೆ. ಕೇಳಿದರೆ ಬೈದುಬಿಡಬಹುದಿತ್ತು, ಅಥವಾ ಬೈದು ಮಾಡಿಕೊಡಬಹುದಿತ್ತು. ಅವಳು ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ಹನ್ನೆರಡು ವರ್ಷ ಅವಳಿಗೆ ಬಾಯಿಲ್ಲ ಎಂದು ಆಡಿಕೊಂಡ ನನಗೆ, ಆ ಹೊತ್ತಿಗೆ ಬಾಯಿ ಬರಲಿಲ್ಲ.

‘ಸರಿಯಾಗಿಯೇ ಕೆಲಸ ಮಾಡ್ತಾ ಉಂಟು,’ ಎಂದಳು ಹಸೀನ, ಕೆಂಪು ಸಾಲು ನೋಡುತ್ತ. ಲ್ಯಾಪ್‌ಟಾಪು ಮುಚ್ಚಿದಳು. ಸಂಜೆ ಆರರ ವಿಮಾನದಲ್ಲಿ ಸೀಟಿತ್ತು. ಅದನ್ನು ಹಿಡಿದರೆ ಮಾತ್ರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಪಾಣೆಮಂಗಳೂರಿನ ಮೇಜಿನ ಮುಂದೆ ಇರಬಹುದಿತ್ತು.

ಕೋಣೆಯಲ್ಲಿ ಓದು ನಿಂತಿತು. ಶಮೀಮ ಬಾಗಿಲಲ್ಲಿ ಬಂದು ನಿಂತು, ತಾಯಿ ಬಟ್ಟೆ ಮಡಚುವುದನ್ನು ನೋಡಿದಳು. ಅಳಲಿಲ್ಲ. ‘ಬಟ್ ಟುಮಾರೋ ಈಸ್ ಮ್ಯಾತ್ಸ್, ಉಮ್ಮ,’ ಎಂದಳು. ಹಸೀನ ಮಗಳ ಎರಡೂ ಕೈಗಳನ್ನು ಹಿಡಿದು ಅಂಗೈಗಳನ್ನು ಒತ್ತಿದಳು, ಒಂದು ದಿನ ಮೊದಲೇ. ಟ್ಯಾಕ್ಸಿ ಬರುವವರೆಗೆ ಬಿಡಲಿಲ್ಲ.

ಸೋಮವಾರ ಹುಡುಗಿಯನ್ನು ತಂದೆ ಕರೆದುಕೊಂಡು ಹೋದರು. ನಾನು ಎಂಟೂವರೆಗೆ ಕಚೇರಿಯಲ್ಲಿ ಕಂಪ್ಯೂಟರು ತೆರೆದಾಗ ಹಸೀನಳ ಹೆಸರು ಹಸಿರಾಗಿ ಒಳಗಿತ್ತು. ಬ್ಯಾಕಪ್ ಮುಗಿದಿದೆ ಎಂದು ಬರೆದಿದ್ದಳು. ಅದರ ಕೆಳಗೆ, ದಾಖಲಾಗುವ ಜಾಗದಲ್ಲಿ ಸ್ವಂತ ಮಾತು ಬರೆಯಬಾರದು ಎಂಬ ನಿಯಮ ಬರೆದವಳೇ, ‘ಹೊರಟಳಾ?’ ಎಂದು ಕೇಳಿದ್ದಳು. ‘ಹೊರಟಳು,’ ಎಂದು ಬರೆದೆ. ಹುಡುಗಿಯ ಕೈ ಬೆಳಿಗ್ಗೆಯೇ ನಡುಗುತ್ತಿತ್ತು ಎಂಬುದನ್ನು ಬರೆಯಲಿಲ್ಲ.

ಆಮೇಲೆ ದಿನದ ಮೊದಲ ಕೆಲಸ. ನಿನ್ನೆ ಬಾಗಿಲು ತೆರೆಯದೆ ಹೋದದ್ದು ಒಂದೇ ಸಲ: ಹಸೀನ, ಕರಾಮದಿಂದ, ಭಾನುವಾರ ಎರಡೂ ಹದಿನೈದು. ಕಾರಣವೇನೆಂದು ನಾನು ನಮೂದಿಸಬೇಕು. ನಮ್ಮ ಕೆಲಸ ಸುಲಭವಾಗಲಿ ಎಂದು ಅವಳೇ ನಾಲ್ಕು ಕಾರಣಗಳನ್ನು ಮೊದಲೇ ಬರೆದಿಟ್ಟಿದ್ದಳು, ಒಂದನ್ನು ಒತ್ತಿದರೆ ಸಾಕು. ತಪ್ಪು ಕೀಲಿ, ತಪ್ಪು ಅಂಕಿ, ತಪ್ಪು ಜಾಗ, ಅಪರಿಚಿತ ವ್ಯಕ್ತಿ. ಮಗಳ ಪರೀಕ್ಷೆಯ ಹಿಂದಿನ ದಿನ, ಮಗಳು ಓದುತ್ತಿದ್ದ ಕೋಣೆಯಿಂದ ಆರು ಹೆಜ್ಜೆಯಾಚೆ ಕೂತಿದ್ದಳು ಅವಳು.

ನಾನು ಮೂರನೆಯದನ್ನು ಒತ್ತಿದೆ. ಧನ್ಯವಾದ, ದಾಖಲಾಗಿದೆ ಎಂದು ಬಂತು. ಅದನ್ನು ಬರೆದವಳೂ ಅವಳೇ.